ನೆಲ ಒಣಗುವ ತನಕ

ಅತ್ತಿಗೆ ದಿನಕ್ಕೊಮ್ಮೆಯಾದರೂ ದೇವರನ್ನು ನೋಡುತ್ತಾರೆ. ನನಗೆ ಅವರ ಮುಖ ನೋಡುವುದೇ ಕಷ್ಟ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಮಾತ್ರೆ ಕೊಡುವ ಕೆಲಸ. ಸಂಜೆ ಬಂದು ಕೈಕಾಲು ತೊಳೆದು ಊಟದ ಮೇಜಿಗೆ ಕೂತರೆಂದರೆ ಅವರ ಬಾಯಿಂದ ಬರುವುದು ಒಂದೇ ಪ್ರಶ್ನೆ: "ಇವತ್ತು ಕರ್ತನನ್ನ ಎಲ್ಲಿ ಕಂಡೆ?" ಅವರ ತಾಯಿಯ ಕಾಲದಿಂದ ನಡೆದುಬಂದ ಪದ್ಧತಿಯಂತೆ. ಮೇಜಿನ ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ಹೇಳಬೇಕು, ಆಮೇಲೆ ಬಡಿಸಬೇಕು. ಈಗ ಆ ಮೇಜಿಗೆ ಉಳಿದವರು ನಾವಿಬ್ಬರೇ. ಅವರು ಕಂಡದ್ದನ್ನೆಲ್ಲ ಹೇಳುತ್ತಾರೆ. ನಾನು "ಎಲ್ಲೂ ಇಲ್ಲ" ಎಂದು ಸೌಟಿಗೆ ಕೈ ಹಾಕುತ್ತೇನೆ.

ಅವರು ಕಾಣುವುದಾದರೂ ಎಂಥ ದೇವರನ್ನು? ಬಾಗಿಲು ಮುಚ್ಚಿಕೊಂಡು ಹೊರಟಿದ್ದ ಬಸ್ಸಿನವನು ಇವರನ್ನು ಕಂಡು ಮತ್ತೆ ಬಾಗಿಲು ತೆಗೆದನಂತೆ, ಅಲ್ಲಿ ಕರ್ತನಿದ್ದ. ಅವಧಿ ಮುಗಿದ ಮಾತ್ರೆಯೊಂದು ಗಿರಾಕಿಯ ಕೈಗೆ ಹೋಗುವ ಮೊದಲೇ ಕಣ್ಣಿಗೆ ಬಿತ್ತಂತೆ, ಅಲ್ಲೂ ಇದ್ದ. ಹಾಲು ಉಕ್ಕುವವರೆಗೂ ಉರಿದು ಆಮೇಲೆ ಗ್ಯಾಸ್ ಮುಗಿಯಿತಂತೆ.

"ಕರ್ತನಿಗೆ ಬೇರೆ ಕೆಲಸ ಇಲ್ವಾ?" ಎಂದೆ ಆ ದಿನ. "ನಮ್ಮನೆ ಸಿಲಿಂಡರ್ ಕಾಯ್ಕೊಂಡು ಕೂತಿರ್ತಾನಾ?"

"ಕೂತಿರ್ತಾನೆ," ಎಂದರು, ನಾನು ಹೊತ್ತೆಷ್ಟು ಎಂದು ಕೇಳಿದ್ದೇನೋ ಎಂಬ ಹಾಗೆ.

ಜಗಳಕ್ಕೆ ಬಂದರೆ ನಾನೂ ಒಂದು ಕೈ ನೋಡುತ್ತಿದ್ದೆ. ಬರುವುದಿಲ್ಲ, ಅದೇ ನನಗೆ ಮೈಯೆಲ್ಲ ಉರಿ. ಬಾಯಲ್ಲಿ 'ನೀವು' ಎನ್ನುತ್ತೇನೆ, ಹಿರಿಯರು, ನನ್ನ ಗಂಡನನ್ನು ಎತ್ತಿ ಆಡಿಸಿದವರು. ಮನಸ್ಸಿನಲ್ಲಿ ನಾನು ಅವರನ್ನು ಏನೇನು ಅಂದಿದ್ದೇನೆ ಎಂದು ಗೊತ್ತಾದರೆ ಅವರ ಕರ್ತನೇ ಕಿವಿ ಮುಚ್ಚಿಕೊಳ್ಳಬೇಕು.

ನನಗೆ ನಂಬಿಕೆ ಇಲ್ಲ ಎಂದುಕೊಳ್ಳಬೇಡಿ. ಇದೆ. ಇಲ್ಲದವನ ಮೇಲೆ ಯಾರಾದರೂ ವರ್ಷವಿಡೀ ಸಿಟ್ಟು ಇಟ್ಟುಕೊಳ್ಳುತ್ತಾರೆಯೇ? ನಾನು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಒದ್ದೆ ಬಟ್ಟೆಯ ಒಂದು ಅಂಚು ನಾನು, ಇನ್ನೊಂದು ಅಂಚು ಎದುರಿನವಳು ಹಿಡಿದು ಬಿಸಿ ಉರುಳೆಗೆ ಕೊಡುತ್ತೇವೆ. ಕೈ ಒಂದಿಷ್ಟು ಮುಂದೆ ಹೋದರೆ ಚರ್ಮ ಏಳುತ್ತದೆ. ಅಲ್ಲಿ ನಿಂತು ನಾನು ದಿನವಿಡೀ ದೇವರ ಜೊತೆ ಮಾತಾಡುತ್ತೇನೆ. ಅದನ್ನು ಪ್ರಾರ್ಥನೆ ಎನ್ನಲು ನಾಲಿಗೆ ಬಾರದು. ಬೈಗುಳ ಅದು.

ಈ ಬೈಗುಳಕ್ಕೆ ಕಾರಣ ಒಂದು ನಗು. ನನ್ನ ಗಂಡನ ಕೊನೆಯ ನಗು.

ಅತ್ತಿಗೆ ಅದನ್ನು ಹೇಳುವುದು ಹೀಗೆ. ಮಧ್ಯಾಹ್ನದ ಹೊತ್ತು, ಆಸ್ಪತ್ರೆಯ ವಾರ್ಡಿನಲ್ಲಿ ಅವರು ತಮ್ಮನ ಮಂಚದ ಪಕ್ಕ ಕೂತಿದ್ದರು. ಮಲಗಿದ್ದ ತಮ್ಮ ಇದ್ದಕ್ಕಿದ್ದಂತೆ ಕಣ್ಣು ತೆರೆದ. ಬಾಗಿಲ ಕಡೆ ನೋಡಿದ. ಅಂಗೈ ಬಿಡಿಸಿ, ಮೇಲೆತ್ತಿ, ಮುಖ ತುಂಬ ನಕ್ಕ. ಕರ್ತನೇ ಬಂದು ಬಾಗಿಲಲ್ಲಿ ನಿಂತಿದ್ದಾನೆ, ತಮ್ಮ ಅವನಿಗೆ ಕೈ ಎತ್ತಿದ ಎಂದು ಇವರಿಗೆ ತಕ್ಷಣ ಹೊಳೆಯಿತು. ತಲೆ ಬಾಗಿಸಿ ಕಣ್ಣು ಮುಚ್ಚಿ "ಸ್ತೋತ್ರ ಕರ್ತನೇ, ಸ್ತೋತ್ರ" ಎಂದು ಹೇಳತೊಡಗಿದರು. ಕಣ್ಣು ತೆರೆಯುವಷ್ಟರಲ್ಲಿ ತಮ್ಮ ಹೋಗಿದ್ದ.

ಇದನ್ನು ಅವರು ಆಸ್ಪತ್ರೆಯ ಮೊಗಸಾಲೆಯಲ್ಲಿ ಹೇಳಿದರು. ಹೆಣ ತೊಳೆಯುವಾಗ ಹೇಳಿದರು. ಪಾದ್ರಿಗಳು ಸಮಾಧಿಯ ಆರಾಧನೆಯಲ್ಲಿ ಇದನ್ನೇ ಪ್ರಸಂಗ ಮಾಡಿದರು. ಎಲ್ಲರೂ ನನ್ನ ಕೈ ಹಿಡಿದು, "ಎಂಥ ಭಾಗ್ಯವಂತೆ ನೀನು, ನಿನ್ನ ಗಂಡ ಕರ್ತನನ್ನ ನೋಡಿ ನಗ್ತಾ ಹೋದ" ಎಂದರು. ನಾನು ಹಲ್ಲು ಕಚ್ಚಿಕೊಂಡು ತಲೆ ಆಡಿಸಿದೆ.

ಬಾಗಿಲಲ್ಲಿ ನಿಂತಿದ್ದವಳು ನಾನು.

ಕುಡಿಯುವ ನೀರು ತರಲೆಂದು ಜಗ್ಗು ಹಿಡಿದು ಹೊರಗೆ ಹೋಗಿದ್ದೆ. ವಾಪಸು ಬರುವಾಗ ಆಸ್ಪತ್ರೆಯ ಕೆಲಸದವಳು ವಾರ್ಡಿನ ನೆಲ ಒರೆಸಿ, ಒರೆಸುವ ಕೋಲು ಹಿಡಿದು ಬಾಗಿಲ ಬಳಿ ನಿಂತಿದ್ದಳು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ, ಅಂಗೈ ಎತ್ತಿದ, ನಕ್ಕ. ಅದರ ಅರ್ಥ ನನಗೆ ಗೊತ್ತು. ನೆಲ ಒದ್ದೆ ಇದೆ, ಕಾಲಿಡಬೇಡ, ನಿಲ್ಲು.

ನನ್ನ ಗಂಡ ನೆಲ ಪಾಲಿಷ್ ಮಾಡುವವನು. ಯಂತ್ರ ತಿರುಗುವಾಗ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸುವುದಿಲ್ಲ, ಹಾಗಾಗಿ ಆ ಕಸುಬಿನವರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಅಂಗೈ ಎತ್ತಿದರೆ 'ನಿಲ್ಲು'. ನೆಲ ಒಣಗಿದ ಮೇಲೆ ಅಂಗೈ ಕೆಳಗೆ ತಿರುಗಿಸಿ ನಾಲ್ಕೂ ಬೆರಳು ತನ್ನ ಕಡೆಗೆ ಮಡಚಿದರೆ 'ಬಾ'. ನಾನು ಅವನನ್ನು ಮೊದಲು ಕಂಡದ್ದೇ ಹಾಗೆ. ಹೋಟೆಲಿನ ಉದ್ದನೆಯ ಹಜಾರದಲ್ಲಿ ಕೊನೆಯ ಪಾಲಿಷ್ ಹಚ್ಚುತ್ತಿದ್ದ. ಅಂಗೈ ಎತ್ತಿದ. ಯಾರೋ ಪರಿಚಯದವನು ನಮಸ್ಕಾರ ಹೇಳುತ್ತಿದ್ದಾನೆ ಎಂದು ನಾನೂ ಕೈ ಎತ್ತಿ, ನೇರ ನಡೆದುಹೋಗಿ, ಬಟ್ಟೆಯ ಗಂಟಿನ ಸಮೇತ ಬಿದ್ದೆ. ಮದುವೆಯಾದ ಮೇಲೆ ಮನೆಯಲ್ಲಿ ಅಡುಗೆಮನೆ ಒರೆಸುವಾಗಲೂ ಅವನು ಅದೇ ಸನ್ನೆ ಮಾಡುತ್ತಿದ್ದ, ಆ ಬಿದ್ದದ್ದನ್ನು ನೆನೆಸಿಕೊಂಡು ನಗುತ್ತಿದ್ದ. ನಾನು ಸೊಂಟಕ್ಕೆ ಕೈ ಕೊಟ್ಟು ಹೊಸ್ತಿಲಲ್ಲಿ ನಿಂತಿರುತ್ತಿದ್ದೆ. ಬೇಕೆಂದೇ ತಡ ಮಾಡಿ ಬೆರಳು ಮಡಚುತ್ತಿದ್ದ, ಕಳ್ಳ.

ಆ ದಿನವೂ ನಿಂತೆ. ಬೆಳಿಗ್ಗೆ ತಾನೇ ಡಾಕ್ಟರು ವಾರದೊಳಗೆ ಮನೆಗೆ ಕರೆದುಕೊಂಡು ಹೋಗಬಹುದು ಎಂದಿದ್ದರು. ಅವಸರ ಏನಿತ್ತು? ಜಗ್ಗು ಎದೆಗೆ ಒತ್ತಿಕೊಂಡು 'ಬಾ' ಎನ್ನುವ ಸನ್ನೆಗೆ ಕಾದೆ. ಅದು ಬರಲಿಲ್ಲ.

ಇಷ್ಟೇ ನನ್ನ ಕಥೆ. ಆ ನಗು ನನ್ನದು. ಅದನ್ನು ಅತ್ತಿಗೆ ಎತ್ತಿಕೊಂಡುಹೋಗಿ ದೇವರಿಗೆ ಕೊಟ್ಟರು. ದೇವರಿಗೇನು ನಗುವವರಿಗೆ ಬರವೇ? ನನಗಿದ್ದದ್ದು ಒಬ್ಬ.

ಆಗಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಂಡನ ಹೆಣದ ಮುಂದೆ ನಿಂತು, ಅವನು ನಕ್ಕದ್ದು ನಿಮ್ಮ ದೇವರಿಗಲ್ಲ, ನನಗೆ ಎಂದು ಹೇಗೆ ಹೇಳುವುದು? ನನ್ನದನ್ನೇ ನಾನು ಕೈಯೊಡ್ಡಿ ಬೇಡಬೇಕೇ? ಮೊದಲ ದಿನ ಹೇಳಲಿಲ್ಲ, ಆಮೇಲೆ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಅತ್ತಿಗೆ ತಮ್ಮನ ಶುಶ್ರೂಷೆಗೆಂದು ಮೊದಲಿನ ಕೆಲಸ, ಆ ಕೆಲಸದ ಜೊತೆಗಿದ್ದ ಮನೆ, ಎರಡನ್ನೂ ಬಿಟ್ಟು ನಮ್ಮಲ್ಲಿಗೆ ಬಂದವರು. ಅವನು ಹೋದ ಮೇಲೆ ಅವರನ್ನು ಎಲ್ಲಿಗೆ ಕಳಿಸುವುದು? ಉಳಿದರು. ಬಚ್ಚಲಿನಲ್ಲಿ ಹಾಡುತ್ತಾ, ಉಪ್ಪು ಕಡಿಮೆ ಹಾಕುತ್ತಾ, ಕಂಡಕಂಡಲ್ಲಿ ಕರ್ತನನ್ನು ಕಾಣುತ್ತಾ ಉಳಿದರು.

ಹೀಗೇ ಹೋಗುತ್ತಿತ್ತೋ ಏನೋ. ಆದರೆ ವರ್ಷ ತುಂಬುತ್ತಾ ಬಂತು, ಸಮಾಧಿಗೆ ಕಲ್ಲು ಹಾಕಿಸುವ ಮಾತು ಬಂತು.

"ಹೆಸರಿನ ಕೆಳಗೆ ಒಂದು ಸಾಲು ಬರೆಸೋಣ," ಎಂದರು ಅತ್ತಿಗೆ ಊಟ ಮಾಡುತ್ತಾ. "'ಬಾಗಿಲಿಗೆ ಬಂದ ಕರ್ತನಿಗೆ ಕೈ ಎತ್ತಿ ನಕ್ಕವನು'. ಪಾದ್ರಿಗಳಿಗೂ ಹಿಡಿಸಿತು."

ತುತ್ತನ್ನು ತಟ್ಟೆಗೇ ಬಿಟ್ಟೆ. ಬಾಯಿಮಾತು ಗಾಳಿಗೆ ಹೋಗುತ್ತದೆ ಎಂದು ಇಷ್ಟು ದಿನ ಸಹಿಸಿಕೊಂಡಿದ್ದೆ. ಕಲ್ಲಿನ ಮೇಲೆ ಕೆತ್ತಿಸಿದರೆ ಮುಗಿಯಿತು. ನಾನು ಸತ್ತು ಅವನ ಪಕ್ಕದಲ್ಲೇ ಮಲಗಿದ ಮೇಲೂ ಆ ನಗು ನನ್ನದಾಗುವುದಿಲ್ಲ.

"ಬೇಡ," ಎಂದೆ.

"ಯಾಕೆ?"

"ಬೇಡ ಅಂದ್ರೆ ಬೇಡ. ಹೆಸರು, ವರ್ಷ ಸಾಕು."

"ಕಾರಣ ಹೇಳಿದ್ರೆ ಬಿಡ್ತೀನಿ. ನಿಂಗೆ ಆ ಸಾಲಿನ ಮೇಲೆ ಯಾಕೆ ಇಷ್ಟು ಸಿಟ್ಟು?"

"ಗಂಡ ನನ್ನವನು. ಕಲ್ಲಿನ ಮೇಲೆ ಏನಿರಬೇಕು ಅಂತ ನಾನು ಹೇಳ್ಬೇಕು."

"ತಮ್ಮ ನನ್ನವನು ಕಣೇ," ಎಂದರು. ದನಿ ಮೊದಲ ಸಲ ಬಿಗಿಯಾಯಿತು. "ನಂಗೆ ಉಳಿದಿರೋದು ಅದೊಂದೇ. ಅವನು ಕರ್ತನನ್ನ ಕಂಡ. ನಾನು ಕಣ್ಣಾರೆ ನೋಡಿದೀನಿ. ಅದನ್ನ ನೆನೆಸ್ಕೊಂಡೇ ದಿನಾ ಬೆಳಿಗ್ಗೆ ಏಳ್ತೀನಿ. ನಿನಗೆ ಏನೂ ಕಾಣಲ್ಲ ಅಂತ ಬೇರೆಯವರ ಕಣ್ಣೂ ಕೀಳ್ಬೇಕಾ?"

ಮಾತಿಗೆ ಮಾತು ಬೆಳೆಯಿತು. ಅವರ ಉಪ್ಪಿಲ್ಲದ ಸಾರಿನಿಂದ ಹಿಡಿದು ನನ್ನ ಬಾಗಿಲು ಬಡಿಯುವ ಚಾಳಿಯವರೆಗೆ ಎಲ್ಲವೂ ಹೊರಗೆ ಬಂತು, ಹೇಳಬೇಕಾದ ಒಂದನ್ನು ಬಿಟ್ಟು. ಕೊನೆಗೆ ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಕಲ್ಲು ಕೆತ್ತುವ ಮೇಸ್ತ್ರಿಗೆ ಶನಿವಾರ ಬರುತ್ತೇವೆಂದು ಅವರು ಹೇಳಿಯಾಗಿತ್ತು. ಹೋಗಲಿ, ಮೇಸ್ತ್ರಿಯ ಎದುರಿಗೇ ಹೇಳಿಬಿಡುತ್ತೇನೆ ಎಂದುಕೊಂಡೆ. ಹೊರಗಿನವರ ಮುಂದೆ ಮರ್ಯಾದೆ ಹೋದರೆ ಅವರದ್ದೇ ಹೋಗಲಿ. ಅಷ್ಟು ಕೆಟ್ಟಿತ್ತು ನನ್ನ ಮನಸ್ಸು, ಸುಳ್ಳು ಯಾಕೆ ಹೇಳಲಿ.

ಶನಿವಾರ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು, ನಡುವೆ ಅವರ ಕೈಚೀಲ. ಹೇಳುವ ಮಾತನ್ನು ನಾನು ದಾರಿಯುದ್ದಕ್ಕೂ ಮಸೆಯುತ್ತಿದ್ದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತಾ, ಟಯರು ಬದಲಿಸುತ್ತಿದ್ದ ಇಬ್ಬರನ್ನು ಕಂಡು ತುಟಿಯಲ್ಲೇ ಏನೋ ಗೊಣಗಿದರು. ಅಲ್ಲೂ ಕಂಡಿರಬೇಕು, ಸ್ಪ್ಯಾನರ್ ಹಿಡಿದು ಕೂತಿದ್ದನೇನೋ.

ಕಲ್ಲಿನ ಕಾರ್ಖಾನೆ ಎಂದರೆ ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಮುಂದೆ ಗೇಟು, ಗೇಟಿನಿಂದ ಯಂತ್ರದವರೆಗೆ ಸಿಮೆಂಟಿನ ನೆಲ. ಎರಡೂ ಬದಿಗೆ ಅರ್ಧ ಕೆತ್ತಿದ ಕಲ್ಲುಗಳನ್ನು ಗೋಡೆಗೆ ಒರಗಿಸಿದ್ದರು. ಹೆಸರಿದ್ದು ವರ್ಷವಿಲ್ಲದವು, ಶಿಲುಬೆಯಿದ್ದು ಹೆಸರಿಲ್ಲದವು. ಒಳಗೆ ಕತ್ತರಿಸುವ ಯಂತ್ರ ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತಿತ್ತು. ಕಲ್ಲು ಕಾಯದಂತೆ ಅದರ ಮೇಲೆ ನೀರು ಬೀಳುತ್ತಿತ್ತು, ಆ ನೀರು ಕಲ್ಲಿನ ಪುಡಿಯ ಜೊತೆ ಸೇರಿ ಹಾಲಿನಂತಾಗಿ ಇಡೀ ನೆಲದ ಮೇಲೆ ಹರಡಿತ್ತು. ಆ ವಾಸನೆ ನನಗೆ ಗೊತ್ತು. ನನ್ನ ಗಂಡನ ಅಂಗಿಗಳಲ್ಲಿ ಇರುತ್ತಿದ್ದದ್ದು, ಕೊನೆಗೆ ಅವನ ಎದೆಯೊಳಗೆ ಕೂತು ಉಸಿರು ಕಟ್ಟಿಸಿದ್ದು ಅದೇ ಪುಡಿ.

ಅತ್ತಿಗೆ ಗೇಟು ತಳ್ಳಿದರು. ಸದ್ದಿಗಲ್ಲ, ಬೆಳಕು ಬದಲಾದದ್ದಕ್ಕೆ ಇರಬೇಕು, ಮೇಸ್ತ್ರಿ ತಲೆ ಎತ್ತಿದ. ಮೂಗಿನ ಬಟ್ಟೆಯನ್ನು ಗಲ್ಲಕ್ಕೆ ಇಳಿಸಿದ. ನಮ್ಮನ್ನು ನೋಡಿ, ಬಲಗೈಯ ಅಂಗೈ ಬಿಡಿಸಿ, ಮೇಲೆತ್ತಿ, ಮುಖ ತುಂಬ ನಕ್ಕ.

ನನ್ನ ಕಾಲು ತಾನಾಗಿ ನಿಂತಿತು.

ಅತ್ತಿಗೆ ಒಂದು ಹೆಜ್ಜೆ ಮುಂದಿಡಲು ಹೋದರು. ಅವರ ತೋಳು ಹಿಡಿದು ಹಿಂದಕ್ಕೆ ಎಳೆದೆ.

"ಕಾಲಿಡಬೇಡಿ. ನಿಲ್ಲಿ."

"ಯಾಕೆ? ಬನ್ನಿ ಅಂತಿದಾನಲ್ಲ."

"ಬನ್ನಿ ಅಂತಲ್ಲ. ನೆಲ ಒದ್ದೆ ಇದೆ, ಜಾರ್ತೀರಿ, ಅಲ್ಲೇ ನಿಲ್ಲಿ ಅಂತ. ಸದ್ದಲ್ಲಿ ಮಾತು ಕೇಳ್ಸಲ್ಲ. ಕಲ್ಲಿನ ಕೆಲಸದವರು, ನೆಲದ ಕೆಲಸದವರು ಎಲ್ಲಾ ಹೀಗೇ ಮಾಡೋದು."

ಇಷ್ಟು ಹೇಳಿದ್ದು ನಾನು ಯೋಚಿಸಿಯಲ್ಲ. ಜಾರಿ ಸೊಂಟ ಮುರಿದುಕೊಂಡರೆ ನೋಡಿಕೊಳ್ಳಬೇಕಾದವಳು ನಾನೇ ಅಲ್ಲವೇ, ಆ ಗಾಬರಿ. ಆದರೆ ಹೇಳಿದ ಮೇಲೆ ಅತ್ತಿಗೆಯ ಮುಖ ನೋಡಿದೆ. ಮೇಸ್ತ್ರಿ ಇನ್ನೂ ಕೈ ಇಳಿಸಿರಲಿಲ್ಲ. ಅವರು ಆ ಅಂಗೈಯನ್ನು ನೋಡುತ್ತಿದ್ದರು. ಅವರ ಬಾಯಿ ಸ್ವಲ್ಪ ತೆರೆದುಕೊಂಡಿತು.

ಮೇಸ್ತ್ರಿ ಯಂತ್ರ ನಿಲ್ಲಿಸಿದ. ಕಿರುಚಾಟ ಇಳಿದು ಸುಮ್ಮನಾಯಿತು. ಅವನು ಉದ್ದನೆಯ ಕೋಲಿಗೆ ರಬ್ಬರು ಪಟ್ಟಿ ಕಟ್ಟಿದ್ದನ್ನು ತೆಗೆದುಕೊಂಡು, ನೆಲದ ಮೇಲಿನ ಬಿಳಿ ನೀರನ್ನು ಮೋರಿಯ ಕಡೆ ಎಳೆಯತೊಡಗಿದ.

"ತಮ್ಮನೂ ಹಿಂಗೇ ಮಾಡ್ತಿದ್ನಾ?" ಎಂದರು ಅತ್ತಿಗೆ.

"ದಿನಾ ಮಾಡ್ತಿದ್ದ."

"ಆವತ್ತು..."

"ಆವತ್ತೂ ಇದೇ. ವಾರ್ಡಿನ ನೆಲ ಒರೆಸಿದ್ರು."

"ಹಾಗಾದ್ರೆ ಬಾಗಿಲಲ್ಲಿ..."

"ನಾನು," ಎಂದೆ. "ನೀರು ತಗೊಂಡು ಬಂದು ನಿಂತಿದ್ದೆ. ಅವನು ನಕ್ಕಿದ್ದು ನನ್ನ ನೋಡಿ."

ಒಂದು ವರ್ಷ ಕಾದ ಮಾತು. ಹೇಳಿದರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ, ಇನ್ನಷ್ಟು ಹೊತ್ತಿಕೊಂಡಿತು. ತಡೆಯಲು ಹೋಗಲಿಲ್ಲ ನಾನು.

"ನೀವು ಹಿಂದೆ ತಿರುಗಿ ನೋಡಿದ್ರೆ ನಾನು ಕಾಣ್ತಿದ್ದೆ. ನೋಡ್ಲಿಲ್ಲ. ಕಣ್ಣು ಮುಚ್ಚಿಕೊಂಡ್ರಿ. ಬಸ್ಸಲ್ಲಿ ಕಾಣ್ತೀರಿ, ಸಿಲಿಂಡರಲ್ಲಿ ಕಾಣ್ತೀರಿ, ಸಾಯ್ತಾ ಇರೋ ತಮ್ಮನ ಮುಂದೆ ಕೂತು ಕಣ್ಣು ಮುಚ್ಚಿಕೊಂಡ್ರಿ."

ಅವರು ಗೇಟಿನ ಸರಳು ಹಿಡಿದುಕೊಂಡರು. ಏಟು ಬಿದ್ದವರ ಮುಖ. ನನಗೆ ಕನಿಕರ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬರಲಿಲ್ಲ. ಗೆದ್ದೆ ಎನಿಸಿತು.

"ಆಮೇಲೆ ಏನಾಯ್ತು?" ಎಂದು ಕೇಳಿದರು. ದನಿ ಬಹಳ ಸಣ್ಣದಾಗಿತ್ತು. "ನಾನು ನೋಡ್ಲಿಲ್ಲ ಅಂದ್ಯಲ್ಲ. ನೀನು ನೋಡಿದ್ಯಲ್ಲ. ಹೇಳು."

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಪಾದ್ರಿಗಳು ಕೇಳಿರಲಿಲ್ಲ, ಡಾಕ್ಟರು ಕೇಳಿರಲಿಲ್ಲ, ನನ್ನ ತಾಯಿಯೂ ಕೇಳಿರಲಿಲ್ಲ. ಕೇಳದೆ ಇದ್ದದ್ದರಿಂದ ನಾನು ಅದನ್ನು ಹೇಳಿಕೊಂಡೂ ಇರಲಿಲ್ಲ, ನನಗೆ ನಾನೇ ಕೂಡ.

"ಕೈ ಕೆಳಗೆ ಬಿತ್ತು," ಎಂದೆ. "ಸನ್ನೆ ಮಾಡ್ತಾನೆ ಅಂತ ಕಾಯ್ತಿದ್ದೆ. ಮಾಡ್ಲಿಲ್ಲ, ಸುಮ್ನೆ ಬಿತ್ತು. ನಂಗೆ ಏನೂ ತಿಳೀಲಿಲ್ಲ. ನೆಲ ಒರೆಸೋಳಿಗೆ ಮೊದಲು ತಿಳೀತು. ಅವಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೋಲು ಅಲ್ಲೇ ಬಿಸಾಕಿದಳು. ಹೆಗಲ ಮೇಲೆ ಒಂದು ಬಟ್ಟೆ ಇತ್ತು, ಅವಳದ್ದೇ, ಹೊದ್ದುಕೊಳ್ಳೋದು. ಅದನ್ನ ಎಳೆದು ಮೊಣಕಾಲೂರಿ ಬಾಗಿಲಿಂದ ಮಂಚದ ತನಕ ನೆಲ ಒರೆಸ್ತಾ ಹೋದಳು. ಒಬ್ಬರು ನಡೆಯೋ ಅಷ್ಟು ಅಗಲ. ಸೋಪಿನ ನೀರು ಅದು, ಹಿಂದಿನ ದಿನ ಒಬ್ರು ಜಾರಿ ಬಿದ್ದಿದ್ರು. ಅವಳು ಒರೆಸ್ತಾ ಹಿಂದೆ ಹೋದ್ಲು, ನಾನು ಅವಳ ಕೈ ಹಿಂದೇನೆ ಹೆಜ್ಜೆ ಇಟ್ಟೆ."

ಅವಳ ಮೊಣಕೈಗಳು ಕಣ್ಣಿಗೆ ಕಟ್ಟಿದವು. ಎಷ್ಟು ಅವಸರ ಮಾಡಿದ್ದಳು! ತನ್ನ ಮನೆಯವರು ಯಾರೋ ಕಾಯುತ್ತಿದ್ದಾರೇನೋ ಎಂಬ ಹಾಗೆ.

"ಮುಟ್ಟುವಷ್ಟರಲ್ಲಿ ಮುಗಿದಿತ್ತು," ಎಂದೆ. "ಆದ್ರೂ ಅವಳು ಕೊನೆ ತನಕ ಒರೆಸಿದಳು. ಮಂಚದ ಪಕ್ಕ ನಾನು ನಿಂತ್ಕೊಳ್ಳೋ ಜಾಗವನ್ನೂ ಒರೆಸಿದಳು. ಆಮೇಲೆ ಬಟ್ಟೆ ಬಕೆಟ್ಟಿಗೆ ಹಿಂಡಿ ಹೋಗಿಬಿಟ್ಟಳು. ನೀವು ಸ್ತೋತ್ರ ಹೇಳ್ತಾನೇ ಇದ್ರಿ."

ಇದನ್ನು ನಾನು ಏಟಿನ ಮೇಲೊಂದು ಏಟು ಹಾಕುವಂತೆ ಹೇಳಿದೆ. ನಿಮ್ಮ ದೇವರು ಬರಲಿಲ್ಲ, ಬಂದವಳು ಕೂಲಿಯವಳು, ನಿಮ್ಮ ಹಾಡಿಗಿಂತ ಅವಳ ಕೊಳೆ ಬಟ್ಟೆ ವಾಸಿ ಎಂದು ಚುಚ್ಚಲು ಹೇಳಿದೆ. ಆದರೆ ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೇಳಿಸಿತು. ಕೇಳಿಸಿದ್ದು ನನಗೆ ಒಂದಿಷ್ಟೂ ಇಷ್ಟವಾಗಲಿಲ್ಲ.

ಅತ್ತಿಗೆಯೂ ಕೇಳಿಸಿಕೊಂಡಿದ್ದರು. ನನಗೆ ಗೊತ್ತು, ಅವರ ಕಣ್ಣಿಗೆ ಅದು ಬಂತು, ಬಸ್ಸಿನವನು ಬಾಗಿಲು ತೆರೆದದ್ದನ್ನು ಹೇಳುವಾಗ ಬರುವ ಅದೇ ಬೆಳಕು. ತುಟಿ ಅಲುಗಿತು. ಈಗ ಬಾಯಿ ಬಿಡಲಿ, ಕರ್ತನ ಹೆಸರು ಎತ್ತಲಿ, ಇವರನ್ನು ಈ ಕೆಸರಿಗೇ ತಳ್ಳಿ ಒಬ್ಬಳೇ ಬಸ್ಸು ಹತ್ತುತ್ತೇನೆ ಎಂದುಕೊಂಡೆ. ನಿಜವಾಗಿಯೂ ತಳ್ಳುತ್ತಿದ್ದೆ.

ಅವರು ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಳ್ಳುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ಸರಳು ಹಿಡಿದ ಕೈ ನೋಡಿಯೇ ಹೇಳಬಹುದಿತ್ತು.

ಆಗ ಒಳಗಿನಿಂದ ಕೋಲನ್ನು ಗೋಡೆಗೆ ಒರಗಿಸಿದ ಸದ್ದಾಯಿತು. ತಿರುಗಿ ನೋಡಿದೆ. ಗೇಟಿನಿಂದ ಯಂತ್ರದವರೆಗೆ ನೀರೆಲ್ಲ ಹೋಗಿ, ನೆಲ ಅಲ್ಲಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು. ಮೇಸ್ತ್ರಿ ಅದನ್ನೊಮ್ಮೆ ಕಾಲಿನ ಹೆಬ್ಬೆರಳಿನಿಂದ ಉಜ್ಜಿ ಪರೀಕ್ಷಿಸಿದ. ಆಮೇಲೆ ನನ್ನ ಕಡೆ ನೋಡಿದ. ಯಂತ್ರ ನಿಂತಿತ್ತು, ಬಾಯಲ್ಲೇ ಕರೆಯಬಹುದಿತ್ತು. ಅಭ್ಯಾಸಬಲ. ಅಂಗೈಯನ್ನು ಕೆಳಗೆ ತಿರುಗಿಸಿ, ನಾಲ್ಕೂ ಬೆರಳನ್ನು ತನ್ನ ಕಡೆಗೆ ಮಡಚಿದ.

ಬಾ.

ಒಂದು ವರ್ಷ ಆ ಬಾಗಿಲಲ್ಲೇ ನಿಂತಿದ್ದೆ ನಾನು. ಲಾಂಡ್ರಿಯಲ್ಲಿ ಬಟ್ಟೆ ಹಿಡಿದಾಗಲೂ, ಅತ್ತಿಗೆಯ ಎದುರು ಕೂತು ಉಂಡಾಗಲೂ ಜಗ್ಗು ಎದೆಗೆ ಒತ್ತಿಕೊಂಡೇ ನಿಂತಿದ್ದೆ, ಆ ಬೆರಳು ಮಡಚಲಿ ಎಂದು. ಯಾರೂ ಅಲ್ಲದ ಈ ಮನುಷ್ಯ, ಮೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡು, ಗಿರಾಕಿ ಬಂದಿದ್ದಾರೆ ಎಂದು ಬೆರಳು ಮಡಚಿದ. ಅಳು ಬಂತು. ಚೆಂದದ ಅಳುವಲ್ಲ, ಮೂಗು ಬಾಯಿ ಎಲ್ಲ ಸೇರಿ ಬರುವ ಅಳು. ಅಳುತ್ತಲೇ ಮನಸ್ಸಿನಲ್ಲಿ ದೇವರನ್ನು ಬೈದೆ. ಇಷ್ಟು ತಡವಾಗಿಯೇ, ಇವನ ಕೈಯಲ್ಲಿಯೇ, ನಿನಗೆ ನಾಚಿಕೆಯಾಗುವುದಿಲ್ಲವೇ ಎಂದು ಬೈದೆ.

ಅತ್ತಿಗೆ ನನ್ನ ಮೊಣಕೈ ಹಿಡಿದರು. "ಒಣಗಿದೆ," ಎಂದರು ಮೆಲ್ಲಗೆ. "ಹೋಗೋಣ."

ಹೋದೆವು. ಮೇಸ್ತ್ರಿ ನನ್ನ ಮುಖ ನೋಡಿದ. ಸಮಾಧಿ ಕಲ್ಲಿನ ಅಂಗಡಿಯವನಿಗೆ ಅಳುವವರು ಹೊಸಬರಲ್ಲ. ಮಡಚುವ ಕುರ್ಚಿಯೊಂದನ್ನು ಬಿಡಿಸಿ ಕೊಟ್ಟ. ಕರಿ ಕಲ್ಲು ಬೇಕೋ ಬೂದು ಕಲ್ಲೋ ಎಂದು ಕೇಳಿದ. ಬೂದು ಎಂದೆ. ಅಕ್ಷರ ಎಷ್ಟು ದೊಡ್ಡದು ಎಂದು ಕೇಳಿದ. ಅದನ್ನು ಅತ್ತಿಗೆ ಬೆರಳಿನಿಂದ ತೋರಿಸಿದರು.

"ಹೆಸರಿನ ಕೆಳಗೆ ಒಂದು ಸಾಲು ಇದೆ ಅಂದಿದ್ರಲ್ಲಮ್ಮ," ಎಂದ ಮೇಸ್ತ್ರಿ.

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಅವರು ನೋಡುತ್ತಿದ್ದದ್ದು ಅವನ ಬಲಗೈಯನ್ನು.

"ಇಲ್ಲ," ಎಂದರು. "ಸಾಲು ಬೇಡ. ಹೆಸರು ಸಾಕು."

ದಿನಾ ಬೆಳಿಗ್ಗೆ ಎಬ್ಬಿಸುತ್ತಿದ್ದ ಒಂದು ಮಾತನ್ನು ಅವರು ಅಲ್ಲಿ ಆ ಕಲ್ಲಿನ ಪುಡಿಯಲ್ಲಿ ಇಳಿಸಿ ಬಂದರು. ನನಗೆ ಅದು ಕಂಡಿತು. ಕಂಡದ್ದಕ್ಕೆ ಸಿಟ್ಟೂ ಬಂತು. ಅವರು ಜಗಳವಾಡಿ ಸೋತಿದ್ದರೆ ಸುಖವಿತ್ತು, ಹೀಗೆ ಸುಮ್ಮನೆ ಬಿಟ್ಟುಕೊಟ್ಟರೆ ನಾನು ಏನು ಮಾಡಲಿ?

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡಲಿಲ್ಲ. ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಅದರ ಹಿಡಿಯನ್ನೇ ಸವರುತ್ತಿದ್ದರು. ದಾರಿಯಲ್ಲಿ ಒಬ್ಬ ಮುದುಕ ಏಣಿ ಹೊತ್ತು ಹೋಗುತ್ತಿದ್ದ, ನಾಯಿಯೊಂದು ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತಿತ್ತು. ಬೇರೆ ದಿನವಾಗಿದ್ದರೆ ಎರಡರಲ್ಲೂ ಏನಾದರೂ ಕಂಡುಹಿಡಿದು ನನ್ನ ತಲೆ ತಿನ್ನುತ್ತಿದ್ದರು.

ಸಂಜೆ ಊಟಕ್ಕೆ ಕೂತೆವು. ಅವರು ಕೈಕಾಲು ತೊಳೆದು ಬಂದರು, ಕುರ್ಚಿ ಎಳೆದುಕೊಂಡರು, ತಟ್ಟೆ ಮುಂದಿಟ್ಟುಕೊಂಡರು. ನಾನು ಕಾದೆ. ಅವರು ನೇರ ಸೌಟಿಗೆ ಕೈ ಹಾಕಿದರು. ಪ್ರಶ್ನೆಯೇ ಇಲ್ಲ. ನಮ್ಮ ಮನೆಗೆ ಅವರು ಬಂದ ಮೇಲೆ ಪ್ರಶ್ನೆ ಇಲ್ಲದೆ ಬಡಿಸಿದ ಊಟ ಅದೇ ಮೊದಲು. ಇಷ್ಟು ದಿನ ಯಾವಾಗ ತಪ್ಪುತ್ತದೋ ಎಂದು ಕಾದಿದ್ದ ಪೀಡೆ ತಪ್ಪಿತ್ತು. ನೆಮ್ಮದಿಯಾಗಬೇಕಿತ್ತು. ಅದರ ಬದಲು ಮೈ ಉರಿಯಿತು. ಅವರು ಸಾರು ಬಡಿಸಿದರು. ಬಾಯಿಗೆ ಹಾಕಿ ನೋಡಿದೆ, ಎಂದಿನಂತೆ ಉಪ್ಪಿಲ್ಲ.

"ಕೇಳಿ," ಎಂದೆ.

"ಏನನ್ನ?"

"ದಿನಾ ಕೇಳ್ತೀರಲ್ಲ, ಅದನ್ನ."

ಅತ್ತಿಗೆ ಸೌಟು ಕೆಳಗಿಟ್ಟರು. ನಾನು ಮತ್ತೆ ಹೊಡೆಯಲು ಕೈ ಎತ್ತಿದ್ದೇನೋ ಎಂಬ ಹಾಗೆ ನನ್ನ ಮುಖ ನೋಡಿದರು. ಆಮೇಲೆ ಕೇಳಿದರು.

"ಇವತ್ತು ಕರ್ತನನ್ನ ಎಲ್ಲಿ ಕಂಡೆ?"

"ಕಂಡೆ," ಎಂದೆ. "ಎಲ್ಲಿ ಅಂತ ಮತ್ತೆ ಕೇಳಿದ್ರೆ ಎದ್ದು ಹೋಗ್ತೀನಿ."

ಅವರು ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿದರು.